ಕಟ್ಟೆಯಿಲ್ಲದವರ ಗೆಳೆತನ

ಚಿಕ್ಕೋಡಿ ಸೀಮೆಯಲ್ಲಿ ಗಂಡಸರ ಗೆಳೆತನಕ್ಕೆ ಜಾಗವುಂಟು: ಗುಡಿಯ ಕಟ್ಟೆ, ಚಹಾದಂಗಡಿ, ಗರಡಿಮನೆ. ಹೆಂಗಸರಿಗೆ? ಮದುವೆಯಾಗುತ್ತಲೇ ಬಾಲ್ಯದ ಗೆಳತಿಯರು ಒಬ್ಬೊಬ್ಬರು ಒಂದೊಂದು ಊರಿನ ಸೊಸೆಯರಾಗುತ್ತಾರೆ. ಇನ್ನು ಗಂಡು–ಹೆಣ್ಣಿನ ಸ್ನೇಹಕ್ಕೆ ಮಾತೇ ಅಡ್ಡಿ. ಗಂಡಸಿಗೊಬ್ಬ ‘ಗೆಳತಿ’ ಇದ್ದಾಳೆಂದರೆ ಕೇಳಿದವರು ಬೇರೆಯೇ ಅರ್ಥ ಹಚ್ಚುತ್ತಾರೆ. ಆದ್ದರಿಂದಲೇ ‘ಅಣ್ಣ’, ‘ಅಕ್ಕ’ ಎಂಬ ನೆಂಟಸ್ತಿಕೆಯ ಮರೆ ಬೇಕಾಗುತ್ತದೆ.

ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ಹೆಂಗಸರಿಗೆ ಬೇರೊಂದು ದಾರಿ ಸಿಕ್ಕಿತು. ಮನೆಯಲ್ಲಿ ಸೊಸೆ, ಹೆಂಡತಿ, ತಾಯಿ ಆಗಿದ್ದವಳು ಆ ಘಾಟು ಧೂಳಿನ ನಡುವೆ ಇನ್ನೊಬ್ಬಳಿಗೆ ಜೊತೆಗಾತಿಯಾದಳು. ಒಬ್ಬಳ ಕಷ್ಟ ಇನ್ನೊಬ್ಬಳ ಕಿವಿಗೆ ಬಿತ್ತು. ಒಬ್ಬಳೇ ದನಿಯೆತ್ತಿದರೆ ಕೆಲಸವೂ ಹೋದೀತು, ಹೆಸರೂ ಕೆಟ್ಟೀತು. ಎಲ್ಲರೂ ಎತ್ತಿದರೆ ಮಾಲೀಕ ಕೇಳಲೇಬೇಕು. 1980ರ ಸುಮಾರಿಗೆ ಈ ಒಡನಾಟ ಸಂಘಟನೆಯಾಗಿ, ಮುಷ್ಕರವಾಗಿ ಬೀದಿಗಿಳಿಯಿತು. ದೀಪಾ ಧನರಾಜ್ ಮತ್ತು ಸಂಗಡಿಗರ ‘ಯುಗಾಂತರ್’ ತಂಡ 1982ರಲ್ಲಿ ಆ ಹೋರಾಟವನ್ನು ಸಾಕ್ಷ್ಯಚಿತ್ರದಲ್ಲಿ ದಾಖಲಿಸಿತು.

ಹೆಂಗಸರಿಗೆ ಸ್ನೇಹದ ಮನಸ್ಸಿಗೆ ಕೊರತೆಯಿಲ್ಲ. ಕೊರತೆಯಿರುವುದು ಬಿಡುವಿಗೆ, ಕೂಡುವ ಜಾಗಕ್ಕೆ. ದುಡಿಮೆಯ ನೆಪವಿಲ್ಲದೆಯೂ ನಾಲ್ಕು ಹೆಂಗಸರು ಸಂಜೆ ಕಟ್ಟೆಯ ಮೇಲೆ ಕುಳಿತರೆ, ‘ಇವರಿಗೇನು ಮನೆಗೆಲಸವಿಲ್ಲವೆ?’ ಎಂದು ಊರು ಕೇಳದಿರಲಿ. ಅಷ್ಟಾದರೆ ಸಾಕು, ಗೆಳೆತನ ತಾನಾಗಿ ಬೆಳೆಯುತ್ತದೆ.