ನೆರಳಿಲ್ಲದ ಮಧ್ಯಾಹ್ನ



ದೆಹಲಿಯಲ್ಲಿ ಹಲವು ವರ್ಷ ದುಡಿದು ನಾವು ಮತ್ತಿಕೆರೆಗೆ ಮರಳಿದಾಗ, ಅಲ್ಲೇ ಬೆಳೆದ ಮಗಳಿಗೆ ಇದು ಪರಸ್ಥಳ. “ಅಪ್ಪಾ, ಅಲ್ಲಿಲ್ಲದ್ದು ಇಲ್ಲೇನಿದೆ?” ಎಂದು ದಿನವೂ ಕೇಳುವಳು.

ಏಪ್ರಿಲ್ 24ರಂದು ಮನೆಮಂದಿಯೆಲ್ಲ ಜೆ.ಪಿ. ಪಾರ್ಕಿಗೆ ಹೋದೆವು. ಬಿಸಿಲಿನಲ್ಲಿ ನೀರಿನ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿದೆ. ಮಧ್ಯಾಹ್ನ ಸುಮಾರು 12 ಗಂಟೆ 17 ನಿಮಿಷಕ್ಕೆ ನೆರಳು ಅದರ ಬುಡದಲ್ಲೇ ಅಡಗಿತು!

ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ ಉತ್ತರ. ವರ್ಷಕ್ಕೆ ಎರಡು ಸಲ ಸೂರ್ಯ ನಮ್ಮ ನೆತ್ತಿಯ ನೇರಕ್ಕೆ ಬರುತ್ತಾನೆ. ಉತ್ತರಕ್ಕೆ ಅವನ ಗಡಿ 23.5 ಡಿಗ್ರಿಯ ಕರ್ಕಾಟಕ ಸಂಕ್ರಾಂತಿ ವೃತ್ತ. ದೆಹಲಿ ಇರುವುದು 28 ಡಿಗ್ರಿಗೂ ಆಚೆ. ಅಲ್ಲಿ ಈ ನೋಟ ಎಂದೂ ಇಲ್ಲ.

ಸಂಜೆ ಮಗಳು ದೆಹಲಿಯ ಗೆಳತಿಗೆ ಫೋನ್ ಮಾಡಿ, “ನಮ್ಮೂರಲ್ಲಿ ಇವತ್ತು ನೆರಳೇ ಇರಲಿಲ್ಲ ಕಣೇ” ಎಂದಳು. ‘ನಮ್ಮೂರು’ ಎಂದದ್ದು ಅದೇ ಮೊದಲು.

ಆಗಸ್ಟ್ 18ರ ಸುಮಾರಿಗೆ ಸೂರ್ಯ ಮತ್ತೆ ಬರುತ್ತಾನೆ. ಮೋಡವಿಲ್ಲದಿದ್ದರೆ ನೀವೂ ನೋಡಿ.