ಹರೆಯದ ಮನಸ್ಸು ಮತ್ತು ನಮ್ಮ ಕತೆಗಳು

(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ನಾಡಿನ ಹಿರಿಮೆಯನ್ನು ಕುರಿತು ನಾಲ್ಕು ಮಾತನಾಡುವುದು ವಾಡಿಕೆ. ಪಂಪನಿಂದ ಬೇಂದ್ರೆಯವರವರೆಗೆ ಹಿರಿಯರನ್ನು ಸ್ಮರಿಸಿ, ಏಕೀಕರಣಕ್ಕಾಗಿ ದುಡಿದವರಿಗೆ ಕೈಮುಗಿದು ಕುಳಿತುಬಿಟ್ಟರೆ ನನಗೂ ಸುಲಭ, ನಿಮಗೂ ಹಿತ. ಆದರೆ ಕಾರ್ಯಕಾರಿ ಸಮಿತಿಯವರು ‘ನಮ್ಮ ಮಕ್ಕಳು ಏನನ್ನು ಓದಬೇಕು?’ ಎಂಬ ಪ್ರಶ್ನೆಯನ್ನು ನನ್ನ ಮುಂದಿಟ್ಟಿದ್ದಾರೆ. ಅದಕ್ಕೆ ಉತ್ತರ ಹುಡುಕುತ್ತ ಹೊರಟವನಿಗೆ ಹಳೆಯದೊಂದು ತಪ್ಪು ನೆನಪಾಯಿತು. ಅದನ್ನು ಮೊದಲು ನಿಮ್ಮ ಮುಂದೆ ಒಪ್ಪಿಸಿಬಿಡುತ್ತೇನೆ.

1980ರ ದಶಕದಲ್ಲಿ ನಾನು ರಾತ್ರಿಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಹಗಲೆಲ್ಲ ಕ್ಯಾಂಟೀನುಗಳಲ್ಲಿ ದುಡಿದು, ಸಂಜೆ ಕೈಕಾಲು ತೊಳೆದುಕೊಂಡು ಬಂದು ಕೂರುವ ಹುಡುಗರು. ಅವರಲ್ಲಿ ದಕ್ಷಿಣ ಕನ್ನಡದ ಕಡೆಯವನೊಬ್ಬ ಇದ್ದ. ಹದಿನಾರರ ಹರೆಯ, ಮುತ್ತಿನಂಥ ಅಕ್ಷರ. ಒಂದು ಮಳೆಗಾಲದಲ್ಲಿ ಅವನ ಮಾತು ಕಡಿಮೆಯಾಯಿತು. ನಿದ್ದೆ ಬರುವುದಿಲ್ಲವೆಂದ; ಊಟ ಬಿಟ್ಟ; ಯಾರೋ ತನ್ನನ್ನು ಬೈಯುವುದು ಕಿವಿಯಲ್ಲಿ ಕೇಳಿಸುತ್ತದೆ ಎಂದ. ‘ಅದೆಲ್ಲ ಸೋಮಾರಿತನ ಮಾರಾಯ, ಪರೀಕ್ಷೆ ಹತ್ತಿರ ಬಂತಲ್ಲ’ ಎಂದು ಗದರಿಸಿದವನು ನಾನೇ. ಅವನ ಮಾವ ಬಂದು ಊರಿಗೆ ಕರೆದುಕೊಂಡು ಹೋದರು, ದರ್ಶನದಲ್ಲಿ ಕೇಳಿಸಿದರು, ನೂಲು ಕಟ್ಟಿಸಿದರು. ವೈದ್ಯರಿಗೂ ತೋರಿಸಿ ಎಂದು ಹೇಳುವಷ್ಟು ತಿಳಿವಳಿಕೆ ನನಗೂ ಇರಲಿಲ್ಲ. ಒಂದು ವರ್ಷ ಹಾಗೆಯೇ ಕಳೆಯಿತು. ಆಮೇಲೆ ಒಬ್ಬ ಮನೋವೈದ್ಯರ ಕೈಗೆ ಸಿಕ್ಕಿ, ಔಷಧಿ ನಡೆದು, ಅವನು ಎದ್ದು ಕುಳಿತ. ಮುಂಬಯಿಗೆ ಮರಳಿ ನನ್ನನ್ನು ಕಂಡಾಗ ಕೇಳಿದ್ದು ಒಂದೇ ಮಾತು: ‘ಸರ್, ನನ್ನ ಹಾಗೆ ಆಗಿ ಗುಣವಾದವರ ಕತೆ ಯಾವುದಾದರೂ ಪುಸ್ತಕದಲ್ಲಿ ಉಂಟಾ?’

ನನ್ನ ಕಪಾಟಿನಲ್ಲಿದ್ದುದು ತ್ರಿವೇಣಿಯವರ ‘ಶರಪಂಜರ’. ಅದನ್ನೇ ಕೊಟ್ಟೆ. ತ್ರಿವೇಣಿಯವರು 1928ರಲ್ಲಿ ಮಂಡ್ಯದಲ್ಲಿ ಹುಟ್ಟಿ, ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿ, 1963ರಲ್ಲಿ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡವರು. ಹತ್ತು ವರ್ಷಗಳ ಬರವಣಿಗೆಯಲ್ಲಿ ಮನಸ್ಸಿನ ಬೇನೆಯನ್ನು ಕನ್ನಡದ ನಡುಮನೆಗೆ ತಂದು ಕೂರಿಸಿದವರು. ಕಾವೇರಿಯ ಕತೆ ನಿಮಗೆ ತಿಳಿದದ್ದೇ; 1972ರಲ್ಲಿ ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಅವರನ್ನು ಕಂಡು ಅತ್ತವರು ಇಲ್ಲಿಯೂ ಇದ್ದೀರಿ. ಹೆರಿಗೆಯ ನಂತರ ಚಿತ್ತಸ್ವಾಸ್ಥ್ಯ ಕೆಟ್ಟ ಕಾವೇರಿ ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಬರುತ್ತಾಳೆ. ಆದರೆ ಮನೆಯವರ ಕಣ್ಣಿಗೆ ಅವಳ ನಗೆಯೂ ಸಂಶಯ, ಸಿಟ್ಟೂ ಸಂಶಯ. ಕಡೆಗೆ ಅವಳು ಮತ್ತೆ ಕುಸಿಯುತ್ತಾಳೆ.

ಹುಡುಗ ವಾರದ ಮೇಲೆ ಪುಸ್ತಕವನ್ನು ಹಿಂದಿರುಗಿಸುತ್ತ, ‘ಸರ್, ಕಾವೇರಿಗೆ ಗುಣವಾಯಿತು, ಮನೆಯವರಿಗೆ ಆಗಲಿಲ್ಲ. ನನಗೆ ಇನ್ನು ಹೆದರಿಕೆ ಜಾಸ್ತಿಯಾಯಿತು’ ಎಂದ. ತ್ರಿವೇಣಿಯವರು ಬರೆದದ್ದು ನಮ್ಮಂಥ ಹಿರಿಯರ ಕಣ್ತೆರೆಸಲು. ಅದನ್ನು ನಾನು ಒಬ್ಬ ಚೇತರಿಸಿಕೊಳ್ಳುತ್ತಿರುವ ಹುಡುಗನ ಕೈಗಿತ್ತಿದ್ದೆ. ಅವನ ಕೈಗೆ ಕೊಡಬೇಕಾದ ಬೇರೊಂದು ಪುಸ್ತಕ ನನ್ನ ಬಳಿ ಇರಲಿಲ್ಲ.

ಕನ್ನಡದಲ್ಲಿ ಈ ವಿಷಯದ ತಿಳಿವಳಿಕೆಗೆ ಬರವಿಲ್ಲ. ‘ಕೊರವಂಜಿ’ಯ ಮೂಲಕ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನಿಮ್ಹಾನ್ಸಿನಲ್ಲಿ ದುಡಿದ ಡಾ. ಸಿ. ಆರ್. ಚಂದ್ರಶೇಖರ್ ಅವರು ಸಾಮಾನ್ಯರಿಗಾಗಿ ಎಷ್ಟೋ ಪುಸ್ತಕಗಳನ್ನು ಬರೆದಿದ್ದಾರೆ. ನಮ್ಮ ಮುಂಬಯಿಯವರೇ ಆದ ಯಶವಂತ ಚಿತ್ತಾಲರು 1979ರ ‘ಶಿಕಾರಿ’ಯಲ್ಲಿ ಈ ನಗರದ ಭಯವನ್ನು ಒಬ್ಬ ಮನುಷ್ಯನ ಒಳಗಿನಿಂದ ತೋರಿಸಿದರು. ಆದರೆ ಅವನು ದೊಡ್ಡ ಹುದ್ದೆಯ ಅಧಿಕಾರಿ. ಹತ್ತನೆಯ ತರಗತಿಯ ಹುಡುಗನಲ್ಲ.

ಹೊರಗೆ ಇಂಥ ಪುಸ್ತಕಗಳಿವೆ. ಅಮೇರಿಕೆಯ ಜೋಆನ್ ಗ್ರೀನ್‌ಬರ್ಗ್ ಎಂಬಾಕೆ ಹರೆಯದಲ್ಲಿ ತಾನೇ ಆಸ್ಪತ್ರೆಯಲ್ಲಿದ್ದು ಗುಣಹೊಂದಿ, 1964ರಲ್ಲಿ ಬೇರೆ ಹೆಸರಿನಿಂದ ಹದಿನಾರರ ಹುಡುಗಿಯೊಬ್ಬಳ ಚೇತರಿಕೆಯನ್ನು ಕಾದಂಬರಿಯಾಗಿ ಬರೆದಳು. ಅಷ್ಟು ದೂರವೇಕೆ, ಇಲ್ಲೇ ಮಾಹಿಮಿನ ಒಂದು ಪುಟ್ಟ ಫ್ಲ್ಯಾಟನ್ನು ನೋಡಿ. ಜೆರಿ ಪಿಂಟೋ ಅವರು 2012ರಲ್ಲಿ ಪ್ರಕಟಿಸಿದ ‘ಎಮ್ ಅಂಡ್ ದ ಬಿಗ್ ಹೂಮ್’ ಎಂಬ ಇಂಗ್ಲಿಷ್ ಕಾದಂಬರಿಯಲ್ಲಿ, ಮನೋವ್ಯಾಧಿಯ ತಾಯಿಯೊಡನೆ ಬೆಳೆಯುವ ಮಗನೇ ಕತೆ ಹೇಳುತ್ತಾನೆ. ಅದಕ್ಕೂ 2016ರಲ್ಲಿ ಅಕಾಡೆಮಿಯ ಪ್ರಶಸ್ತಿ ಬಂದಿದೆ.

‘ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಓದಿಕೊಳ್ಳಲಿ ಬಿಡಿ’ ಎಂದು ನೀವು ಹೇಳಬಹುದು. ತೊಡಕಿರುವುದು ಅಲ್ಲಿಯೇ. ಶಾಲೆಯಲ್ಲಿ ಕಲಿತ ಹುಡುಗಿಯ ಬಳಿ ‘ಡಿಪ್ರೆಶನ್’, ‘ಆಂಗ್ಸೈಟಿ’ ಎಂಬ ಮಾತುಗಳಿವೆ. ಡೊಂಬಿವಲಿಯ ಅಡುಗೆಮನೆಯಲ್ಲಿ ನಿಂತ ತಾಯಿಯ ಬಳಿ ಇರುವುದು ‘ಹುಚ್ಚು’ ಎಂಬ ಒಂದೇ ಮಾತು. ಮಗಳು ತನ್ನ ಮಾತನ್ನು ಹೇಳಿದರೆ ತಾಯಿಗೆ ಅರ್ಥವಾಗದು. ತಾಯಿಯ ಮಾತನ್ನು ಕೇಳಿದರೆ ಮಗಳು ಬಾಯಿ ತೆರೆಯಳು. ಮನೆಯೋ ಒಂದು ಕೋಣೆಯದು, ಒಬ್ಬಳೇ ಕುಳಿತು ಅಳುವುದಕ್ಕೂ ಮೂಲೆಯಿಲ್ಲ. ಮೇಲೆ, ಊರಿಗೆ ಸುದ್ದಿ ಹೋದರೆ ನಾಳೆ ಸಂಬಂಧ ಕೂಡುವುದು ಹೇಗೆಂಬ ಚಿಂತೆ. ತಾಯಿಯೂ ಮಗಳೂ ಒಂದೇ ಚಾಪೆಯ ಮೇಲೆ ಕುಳಿತು ಓದಬಲ್ಲ ಕನ್ನಡದ ಕತೆಯೊಂದಿದ್ದರೆ, ‘ಅಮ್ಮಾ, ನನಗೂ ಹೀಗೇ ಆಗುತ್ತದೆ’ ಎಂದು ಬೆರಳಿಟ್ಟು ತೋರಿಸಬಹುದಲ್ಲವೇ?

ಇದು ಎಲ್ಲೋ ಒಂದು ಮನೆಯ ಸಂಗತಿಯಲ್ಲ. ನಿಮ್ಹಾನ್ಸಿನವರು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17ರ ವಯಸ್ಸಿನವರಲ್ಲಿ ಶೇಕಡ 7.3ರಷ್ಟು ಮಂದಿಗೆ ಮನಸ್ಸಿನ ತೊಂದರೆ ಕಂಡುಬಂತು. ನೂರು ಮಕ್ಕಳಲ್ಲಿ ಏಳು ಮಂದಿ. ಇಂಥ ಕಾಯಿಲೆಗಳಲ್ಲಿ ಸುಮಾರು ಅರ್ಧದಷ್ಟು ಹದಿನೆಂಟು ತುಂಬುವ ಮೊದಲೇ ತಲೆದೋರುತ್ತವೆ. ಬೇಗ ಗುರುತಿಸಿದಷ್ಟೂ ಒಳ್ಳೆಯದು.

ಎಂಥ ಕತೆ ಬೇಕು? ತಲೆಗೆ ಏಟು ಬಿದ್ದೊಡನೆ ಬುದ್ಧಿ ನೆಟ್ಟಗಾಗುವ ಸಿನಿಮಾ ಕತೆ ಬೇಡ. ಮದುವೆ ಮಾಡಿದರೆ ಸರಿಹೋಗುತ್ತದೆ ಎನ್ನುವ ಕತೆಯಂತೂ ಬೇಡವೇ ಬೇಡ. ಚೇತರಿಕೆ ಲೋಕಲ್ ಗಾಡಿಯ ಹಾಗೆ. ಪ್ರತಿ ನಿಲ್ದಾಣದಲ್ಲಿ ನಿಂತು, ಕೆಲವೊಮ್ಮೆ ಸಿಗ್ನಲಿಲ್ಲದ ಕಡೆ ಕಾದು, ತಡವಾಗಿಯಾದರೂ ಮುಟ್ಟುತ್ತದೆ. ಮಾತ್ರೆ ನುಂಗುವ ಬೇಸರ, ಗೆಳೆಯನೊಬ್ಬನ ಆಸರೆ, ಮತ್ತೆ ಮರುಕಳಿಸಿದ ದಿನದ ದಿಗಿಲು, ಇವೆಲ್ಲ ಇರಬೇಕು. ಸಾಯುವ ಬಗೆಯನ್ನು ವರ್ಣಿಸಬಾರದು. ಸಹಾಯ ಸಿಕ್ಕ ಬಗೆಯನ್ನು ವಿವರವಾಗಿ ಹೇಳಬೇಕು.

ಸಹಾಯ ಈ ನಗರದಲ್ಲಿ ಹೊಸದೇನೂ ಅಲ್ಲ. ಜೆ. ಜೆ. ಆಸ್ಪತ್ರೆಯಲ್ಲಿ 1938ರಷ್ಟು ಹಿಂದೆಯೇ ಮನೋರೋಗಗಳ ವಿಭಾಗ ತೆರೆಯಿತು. ಕೆ. ಇ. ಎಂ., ನಾಯರ್, ಸಾಯನ್ ಆಸ್ಪತ್ರೆಗಳಲ್ಲಿಯೂ ಇದೆ. 2022ರಿಂದ ಸರಕಾರದ ‘ಟೆಲಿ ಮಾನಸ್’ ದೂರವಾಣಿ ಇದೆ. 14416 ಎಂಬ ಸಂಖ್ಯೆಗೆ ಹಗಲಾಗಲಿ ಇರುಳಾಗಲಿ ಕರೆಮಾಡಿ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ಸಂಘಕ್ಕೆ ನನ್ನ ಬಿನ್ನಹ ಎರಡೇ. ಬರುವ ವರ್ಷದ ಕಥಾಸ್ಪರ್ಧೆಯನ್ನು ಈ ವಿಷಯಕ್ಕೆ ಮೀಸಲಿಡಿ, ಹರೆಯದವರೂ ಬರೆಯಲಿ. ನಮ್ಮ ಗ್ರಂಥಾಲಯದಲ್ಲಿ ಇಂಥ ಪುಸ್ತಕಗಳಿಗೆ ಒಂದು ಕಪಾಟು ಇರಲಿ, ಅದಕ್ಕೆ ಬೀಗ ಬೇಡ.

ಆ ಹುಡುಗ ಈಗ ಸಂಸಾರವಂದಿಗ. ಉಪನಗರದಲ್ಲಿ ಸಣ್ಣದೊಂದು ಅಂಗಡಿ ಇಟ್ಟುಕೊಂಡಿದ್ದಾನೆ, ಮಾತ್ರೆ ತಪ್ಪಿಸುವುದಿಲ್ಲ. ಕಂಡಾಗಲೆಲ್ಲ ಚಹಾ ಕುಡಿಸದೆ ಕಳಿಸುವುದಿಲ್ಲ. ಪುಸ್ತಕದ ಮಾತನ್ನು ಅವನು ಮತ್ತೆ ಎತ್ತಿಲ್ಲ. ಆದರೂ ಅವನ ಚಹಾ ಕುಡಿಯುವಾಗ ನನಗೆ ಆ ಸಾಲ ನೆನಪಾಗುತ್ತದೆ. ಅದನ್ನು ತೀರಿಸಲು ನೀವು ನೆರವಾಗಬೇಕೆಂದು ಬೇಡಿ, ನನ್ನ ಮಾತನ್ನು ಮುಗಿಸುತ್ತೇನೆ.