ಮನೋರೋಗಿಗಳ ಮಕ್ಕಳು ತಂದೆತಾಯಿಗಳಾದಾಗ

ನೆಂಟರಿಷ್ಟರಲ್ಲಿ ಯಾರಿಗೆ ಮಧುಮೇಹವಿದೆ, ಯಾರಿಗೆ ಉಬ್ಬಸವಿದೆ ಎಂಬುದನ್ನು ನಾವು ಊಟದ ಪಂಕ್ತಿಯಲ್ಲಿಯೇ ಸಂಕೋಚವಿಲ್ಲದೆ ಮಾತನಾಡುತ್ತೇವೆ. ಚಿತ್ತಕ್ಕೆ ಬಂದ ರೋಗದ ಪ್ರಸ್ತಾಪವಾದರೆ ಮಾತ್ರ ದನಿ ತಗ್ಗುತ್ತದೆ, ಬಾಗಿಲು ಮುಚ್ಚುತ್ತದೆ. ಆ ಮುಚ್ಚಿದ ಬಾಗಿಲಿನೊಳಗೆ ಬೆಳೆಯುವ ಮಕ್ಕಳೂ ಉಂಟು. ಅವರು ದೊಡ್ಡವರಾಗಿ, ತಾವೇ ತಂದೆತಾಯಿಗಳಾಗುವ ಹೊತ್ತಿಗೆ ಅವರ ಮನಸ್ಸಿನಲ್ಲಿ ಏನು ನಡೆಯುತ್ತದೆಂಬುದು ಈ ದಿನದ ವಿಷಯ. ನಾವೂ ಅಂತಹ ಮಕ್ಕಳಲ್ಲಿ ಒಬ್ಬರಾದುದರಿಂದ ಈ ಕುರಿತು ನಾಲ್ಕು ಮಾತು ಹೇಳುವ ಧೈರ್ಯಮಾಡಿದ್ದೇವೆ. 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿಯನ್ನು ಸ್ಥಾಪಿಸಿದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಅಧ್ಯಾಪಕರೇ ಆಗಿದ್ದರಲ್ಲವೇ? ಮನಸ್ಸಿನ ಸಂಗತಿ ರೇಡಿಯೋವಿಗೆ ಹೊಸದೇನೂ ಅಲ್ಲ.

ನಮ್ಮಂತಹವರನ್ನು ಮೊದಲು ಕಾಡುವುದು ರಕ್ತದ ಪ್ರಶ್ನೆ. ತಾಯಿಗೆ ಬಂದದ್ದು ನಮಗೂ ಬರುವುದೋ, ನಮ್ಮ ಮಗುವಿಗೂ ಇಳಿಯುವುದೋ? ಇದಕ್ಕೆ ವೈದ್ಯಶಾಸ್ತ್ರದ ಉತ್ತರ ನಮ್ಮ ಭಯದಷ್ಟು ಕರಾಳವಾದುದಲ್ಲ. ಸ್ಕಿಜೋಫ್ರೀನಿಯಾ ಎಂಬ ರೋಗವು ಸಾಧಾರಣ ಜನರಲ್ಲಿ ನೂರಕ್ಕೆ ಸುಮಾರು 1ರಂತೆ ಬರುತ್ತದೆ. ತಂದೆತಾಯಿಗಳಲ್ಲಿ ಒಬ್ಬರಿಗೆ ಇದ್ದರೆ ಮಕ್ಕಳಲ್ಲಿ ನೂರಕ್ಕೆ ಸುಮಾರು 10ರಂತೆ. ಹೆಚ್ಚಳವು ನಿಜ. ಆದರೂ ಹತ್ತು ಮಕ್ಕಳಲ್ಲಿ ಒಂಬತ್ತು ಮಂದಿಗೆ ಆ ರೋಗವು ಬರುವುದಿಲ್ಲವೆಂಬುದು ಅದಕ್ಕಿಂತ ನಿಜ. ಕಷ್ಟವೆಂದರೆ, ಇದು ಸಾಮಾನ್ಯವಾಗಿ ಮೊದಲು ತಲೆದೋರುವುದು ಯೌವನದಲ್ಲಿ. ಮದುವೆಯಾಗಿ ಮಕ್ಕಳಾಗುವುದೂ ಅದೇ ಪ್ರಾಯದಲ್ಲಿ. ಹೀಗಾಗಿ ಒಂದು ರಾತ್ರಿ ನಿದ್ರೆ ಬಾರದಿದ್ದರೆ, ಒಂದು ಮಾತು ಒರಟಾಗಿ ಬಂದರೆ, 'ಇದೇ ಆರಂಭವಿರಬಹುದೇ' ಎಂದು ನಮ್ಮನ್ನು ನಾವೇ ನಾಡಿ ಹಿಡಿದು ನೋಡಿಕೊಳ್ಳುತ್ತೇವೆ.

ರಕ್ತಕ್ಕಿಂತ ಆಳವಾಗಿ ಇಳಿದಿರುವುದು ಅಭ್ಯಾಸ. ಶಾಲೆಯಿಂದ ಬಂದು ಚಪ್ಪಲಿ ಬಿಡುವುದಕ್ಕೆ ಮುಂಚೆಯೇ ನಾವು ಅಡಿಗೆಯ ಮನೆಯಲ್ಲಿ ಪಾತ್ರೆ ಇಡುವ ಸದ್ದನ್ನು ಕೇಳುತ್ತಿದ್ದೆವು. ಸದ್ದು ಮೆಲ್ಲಗಿದ್ದರೆ ಒಳಕ್ಕೆ ಹೋಗಬಹುದು. ಜೋರಾಗಿದ್ದರೆ ಪಕ್ಕದ ಮನೆಯ ಜಗಲಿಯೇ ಗತಿ. ಸದ್ದೇ ಇಲ್ಲದಿದ್ದರೆ ಎಲ್ಲಕ್ಕಿಂತ ಹೆಚ್ಚು ಭಯ. ಒಂಬತ್ತನೆಯ ವಯಸ್ಸಿಗೆ ಅನ್ನ ಬಸಿಯುವುದನ್ನೂ, ತಮ್ಮಂದಿರನ್ನು ಮಲಗಿಸುವುದನ್ನೂ ಕಲಿತಿದ್ದೆವು. ನೋಡಿದವರು 'ಎಷ್ಟು ಜಾಣಮಗು!' ಎಂದು ಹೊಗಳುತ್ತಿದ್ದರು. ಅದು ಜಾಣತನವಲ್ಲ, ಕಾವಲು.

ಆ ಕಾವಲನ್ನು ನಾವು ತೊಟ್ಟಿಲ ಬಳಿಗೂ ತರುತ್ತೇವೆ. ಕೂಸು ಅಳುವುದು ಹಸಿವಿಗೆ, ನಿದ್ರೆಗೆ, ಹೊಟ್ಟೆನುಲಿಗೆ. ನಮ್ಮ ಕಿವಿಗೆ ಮಾತ್ರ ಅದು ಆಪಾದನೆಯಂತೆ ಕೇಳಿಸುತ್ತದೆ. ಅದು ತುಟಿ ಬಿಚ್ಚುವ ಮೊದಲೇ ಓಡಿ ಎತ್ತಿಕೊಳ್ಳುತ್ತೇವೆ. ಅದೇ ಕೂಸು ಎರಡು ವರ್ಷದ್ದಾಗಿ ನೆಲಕ್ಕೆ ಬಿದ್ದು ರಚ್ಚೆ ಹಿಡಿದರೆ ನಮ್ಮ ಕೈಕಾಲು ತಣ್ಣಗಾಗುತ್ತದೆ. ಆಗ ನಮ್ಮೆದುರಿಗಿರುವುದು ಮಗುವಿನ ಹಠವಲ್ಲ, ಮೂವತ್ತು ವರ್ಷದ ಹಿಂದಿನ ಬಿರುಗಾಳಿ. ಕೂಗಾಟವೆಂದರೆ ಬರಿಯ ಕೂಗಾಟವಾಗಿದ್ದ ಮನೆಯಲ್ಲಿ ಬೆಳೆದ ಗಂಡನಿಗೋ ಹೆಂಡತಿಗೋ ಇದು ಅರ್ಥವಾಗುವುದಿಲ್ಲ. 'ಅಳಲಿ ಬಿಡಿ, ಮಗು ಅಂದ ಮೇಲೆ ಅಳುತ್ತೆ' ಎಂದು ಸುಮ್ಮನಾಗುತ್ತಾರೆ. ನಮಗೆ ಔಷಧಕ್ಕಿಂತ ಹೆಚ್ಚು ಉಪಕಾರಮಾಡಿದ್ದು ಈ ಮಾತೇ ಎಂದರೆ ಉತ್ಪ್ರೇಕ್ಷೆಯಲ್ಲ.

ಆದರೆ ಸುಮ್ಮನಿರಬಾರದ ಸಂದರ್ಭವೂ ಒಂದಿದೆ. ಹಳ್ಳಿಗಳಲ್ಲಿ ಬಾಣಂತಿ ಸನ್ನಿ ಎನ್ನುವ ರೋಗವು ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಬಹುಮಟ್ಟಿಗೆ ಮೊದಲ ಎರಡು ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕೂಸು ಮಲಗಿದರೂ ತಾಯಿಗೆ ನಿದ್ರೆಯಿಲ್ಲ, ಮಾತು ಅಸಂಬದ್ಧ, ಕೂಸಿನ ವಿಷಯದಲ್ಲಿ ವಿಪರೀತ ಸಂಶಯಗಳು. ತಾಯಿಗೋ ಅಕ್ಕನಿಗೋ ಈ ರೋಗ ಬಂದಿದ್ದವರಲ್ಲಿ ಇದರ ಸಂಭವ ಹೆಚ್ಚು. ಹೀಗಿರುವಲ್ಲಿ ಬಸುರಿಯಾದಾಗಲೇ ಡಾಕ್ಟರಿಗೆ ಮನೆತನದ ಸಂಗತಿಯನ್ನು ತಿಳಿಸಬೇಕು. ಲಕ್ಷಣ ಕಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಅತ್ತೆಯ ಮನೆಯವರಿಗೆ ತಿಳಿದೀತೆಂದು ಅಡಗಿಸುವುದರಿಂದ ಎರಡು ಜೀವಗಳಿಗೆ ಅಪಾಯ. ತಾಯಿಯನ್ನು ಸೇರಿಸಿದರೆ ಕೂಸಿನ ಗತಿಯೇನೆಂಬ ಚಿಂತೆಗೂ ಈಗ ಉತ್ತರವುಂಟು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ತಾಯಿಕೂಸುಗಳನ್ನು ಒಟ್ಟಿಗೆ ಇರಿಸಿಕೊಳ್ಳುವ ವಿಭಾಗವು ಆರಂಭವಾಯಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯಾದರೋ, ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಅಗಲಿಸಕೂಡದೆಂದು ವಿಧಿಸಿದೆ.

ನಮ್ಮ ಬಾಲ್ಯದಲ್ಲಿ ಹೀಗಿರಲಿಲ್ಲ. ತಾಯಿಯವರನ್ನು ಆಸ್ಪತ್ರೆಗೆ ಸೇರಿಸಿದಾಗ ನಮ್ಮನ್ನು ಸೋದರಮಾವನ ಮನೆಗೆ ಕಳುಹಿಸಿ, 'ಅಮ್ಮ ತಿರುಪತಿಗೆ ಹೋಗಿದ್ದಾಳೆ' ಎಂದರು. ಮೂರು ತಿಂಗಳ ಕಾಲ ತಿರುಪತಿಯಲ್ಲಿ ಇರುವವರು ಯಾರು? ಸುಳ್ಳೆಂದು ನಮಗೆ ಗೊತ್ತು. ನಿಜ ಯಾವುದೆಂದು ಗೊತ್ತಿಲ್ಲ. ಕಾರಣವನ್ನು ಯಾರೂ ಹೇಳದಿದ್ದರೆ ಮಗು ತಾನೇ ಒಂದು ಕಾರಣವನ್ನು ಕಟ್ಟಿಕೊಳ್ಳುತ್ತದೆ, ಮತ್ತು ಆ ಕಾರಣದಲ್ಲಿ ಅಪರಾಧಿ ತಾನೇ ಆಗಿರುತ್ತದೆ. ಹಿಂದಿನ ದಿನ ಹೊಸ ಲಂಗಕ್ಕಾಗಿ ಹಠಮಾಡಿದ್ದೆವು. ಅದರಿಂದಲೇ ಅಮ್ಮ ಹೋದಳೆಂದು ಬಹುಕಾಲ ನಂಬಿದ್ದೆವು. ಆಕೆಯ ಕೂಗಾಟವನ್ನು ನಾವು ಎಂದೋ ಮರೆತಿದ್ದೇವೆ. ಆ ತಿರುಪತಿಯನ್ನು ಮರೆತಿಲ್ಲ.

ಆದುದರಿಂದ, ಮಗ ಹುಟ್ಟಿದಾಗ, ಅಜ್ಜಿಯ ಮಡಿಲಿಗೆ ಕೂಸನ್ನು ಕೊಡಬೇಕೇ ಬೇಡವೇ ಎಂಬುದು ನಮಗೆ ಸಣ್ಣ ಪ್ರಶ್ನೆಯಾಗಿರಲಿಲ್ಲ. ಕೊಡದಿದ್ದರೆ ಆಕೆಗೆ ಸಂಕಟ. ಕೊಟ್ಟರೆ ನಮಗೆ ನಡುಕ. ನೆಂಟರು 'ಹತ್ತಿರ ಬಿಡಬೇಡಿ' ಎಂದರು. ಡಾಕ್ಟರನ್ನೇ ಕೇಳಿದೆವು. ಮಾತ್ರೆ ತಪ್ಪದೆ ನಡೆಯುತ್ತಿರುವಾಗ ಕೊಡಿ, ನೀವೂ ಪಕ್ಕದಲ್ಲಿರಿ, ಒಂಟಿಯಾಗಿ ಬಿಡಬೇಡಿ ಎಂದರು. ಅಂತೆಯೇ ಮಾಡಿದೆವು. ನಮ್ಮನ್ನು ಸರಿಯಾಗಿ ಎತ್ತಿ ಆಡಿಸಲಾರದೆ ಹೋದ ಕೈಗಳು ಮೊಮ್ಮಗನಿಗೆ ಎಣ್ಣೆ ಹಚ್ಚಿ ನೀರೆರೆದುದನ್ನು ನೋಡಿದೆವು. ಸಂತೋಷವಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಈಗ ಮಗನಿಗೆ ಐದು ವರ್ಷ. ಮೊನ್ನೆ, 'ಅಜ್ಜಿ ಯಾಕೆ ಒಬ್ಬರೇ ಮಾತಾಡ್ಕೋತಾರೆ?' ಎಂದು ಕೇಳಿದನು. 'ಅಜ್ಜಿಗೆ ಒಂದು ಕಾಯಿಲೆ ಇದೆ, ಕಣ್ಣಿಗೆ ಕಾಣಿಸೋದಿಲ್ಲ. ನೀನು ಏನೋ ಮಾಡಿದ್ದರಿಂದ ಬಂದದ್ದಲ್ಲ. ಮಾತ್ರೆ ತಗೊಂಡರೆ ಕಡಿಮೆ ಇರುತ್ತೆ' ಎಂದೆವು. ಅವನು ಸ್ವಲ್ಪ ಹೊತ್ತು ಯೋಚಿಸಿ, ಅಜ್ಜಿ ಇವತ್ತಿನ ಮಾತ್ರೆ ತೆಗೆದುಕೊಂಡರೋ ಇಲ್ಲವೋ ವಿಚಾರಿಸಲು ಒಳಕ್ಕೆ ಹೋದನು.